ನಾಲ್ಕು ಮೂಲೆಯ ಅರಿಶಿನ

ಗಂಡನನ್ನು ದ್ವೇಷಿಸಬೇಕು ಅಂದರೂ ಆ ಗಂಡನಿಗೆ ಒಂದಿಷ್ಟು ಯೋಗ್ಯತೆ ಇರಬೇಕು. ವಿಜಯೇಂದ್ರನಿಗೆ ಅದೂ ಇರಲಿಲ್ಲ. ಹಾಗಾಗಿ ವನಮಾಲಾ ಇಷ್ಟು ವರ್ಷದ ಸಂಸಾರದಲ್ಲಿ ಅವನನ್ನು ಒಂದು ದಿನವೂ ದ್ವೇಷಿಸಲಿಲ್ಲ, ಬರೀ ಅಸಹ್ಯಪಟ್ಟುಕೊಂಡಳು. ಸೊಪ್ಪು ಬಿಡಿಸುವಾಗ ಹುಳ ಕಂಡರೆ ಯಾರಾದರೂ ದ್ವೇಷಿಸುತ್ತಾರೆಯೇ? ಆ ಎಲೆ ಕಿತ್ತು ಆಚೆ ಹಾಕಿ, ಮಿಕ್ಕದ್ದನ್ನು ತೊಳೆದು ಹೆಚ್ಚಿಕೊಳ್ಳುತ್ತಾರೆ.

ಶ್ರೀರಂಗಪಟ್ಟಣದಲ್ಲಿ ಅವನಿಗೆ ಸ್ಟಾಂಪು ವಿಜಯೇಂದ್ರ ಅಂತಲೇ ಹೆಸರು. ಛಾಪಾ ಕಾಗದ ಮಾರುವವನಲ್ಲ, ಹಳೇ ಅಂಚೆಚೀಟಿ ಮಾರುವವನು. ಅಪ್ಪ ಬಿಟ್ಟುಹೋದ ದೇವಸ್ಥಾನದ ಪೂಜೆಯ ಸರದಿಯನ್ನು 'ತಟ್ಟೆಕಾಸಿಗೆ ಕೈ ಚಾಚೋ ಕೆಲಸ ನನ್ನದಲ್ಲ' ಅಂತ ತಮ್ಮನಿಗೆ ಒಪ್ಪಿಸಿ ದೊಡ್ಡ ಮನುಷ್ಯನಾದ. ಆಮೇಲೆ ಗುಂಬಜ್ ರಸ್ತೆಯ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು, ಟೂರಿಸ್ಟ್ ಬಸ್ಸಿನಿಂದ ಇಳಿದ ಪ್ರತಿಯೊಬ್ಬನಿಗೂ ಕೈ ಚಾಚುತ್ತಾ ಕೂತ. ಮನೆ ನಡೆದದ್ದು ವನಮಾಲಾಳ ಪ್ರೈಮರಿ ಸ್ಕೂಲಿನ ಸಂಬಳದಲ್ಲಿ. ಅವನ ಸಂಪಾದನೆ ಅವನ ಎಲೆಅಡಿಕೆಗೂ ಇಸ್ತ್ರಿಗೂ ಸರಿಹೋಗುತ್ತಿತ್ತು. ಇಸ್ತ್ರಿ ಮಾತ್ರ ತಪ್ಪಿಸುತ್ತಿರಲಿಲ್ಲ ಮಹಾರಾಯ.

ಮೊದಮೊದಲು ಮೋಸ ಇರಲಿಲ್ಲ, ಅದನ್ನು ಹೇಳಿಬಿಡಬೇಕು. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳೇ ಶಾನುಭೋಗರ ಮನೆಗಳ ಅಟ್ಟ ಹತ್ತಿ, ಗೋಣಿಚೀಲದಲ್ಲಿ ಹಳೇ ಕಾಗದಗಳನ್ನು ಹೊತ್ತು ತರುತ್ತಿದ್ದ. ಬಚ್ಚಲ ಬೇಸಿನ್ನಿನಲ್ಲಿ ನೆನೆಹಾಕಿ, ಚೀಟಿ ಬಿಡಿಸಿ, ಪೇಪರಿನ ಮೇಲೆ ಒಣಗಿಸುತ್ತಿದ್ದ. ಬೇಸಿನ್ನು ತೊಳೆಯುವುದು ವನಮಾಲಾಳ ಪಾಲಿನ ಕೆಲಸ. ಒಂದು ದಿನ ಯಾರೋ ಬಿಳಿಯ ಬಂದು, ಟಿಪ್ಪು ಕಾಲದ ಸ್ಟಾಂಪು ಇದೆಯಾ ಅಂತ ಕೇಳಿದ. ಟಿಪ್ಪು ಸತ್ತು ನಲವತ್ತು ವರ್ಷ ಆದಮೇಲೆ ಪ್ರಪಂಚದಲ್ಲಿ ಮೊದಲನೇ ಅಂಚೆಚೀಟಿ ಹುಟ್ಟಿದ್ದು. ಅದು ವಿಜಯೇಂದ್ರನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ 'ನಾಳೆ ಬನ್ನಿ' ಅಂದ. ಆ ಸಂಜೆ ಒಂದು ಹಳೇ ಕೋರ್ಟ್ ಫೀ ಚೀಟಿಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಮೇಲೆ ಜಿಲೇಬಿಯ ಹಾಗೆ ಏನೋ ಗೀಚಿದ. ಆ ಬಿಳಿಯ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದ. ಮೊದಲನೇ ಮನೆಯ ಬಾಗಿಲು ತೆರೆದೇ ಸಿಕ್ಕಿದ ಕಳ್ಳನಿಗೆ ಮುಂದಿನ ಮನೆಗೆ ಧೈರ್ಯ ಹೇಳಬೇಕೇ?

ಅಲ್ಲಿಂದ ಟೆರೇಸಿನ ಮೇಲೆ ಎರಡು ಚಾಪೆ. ಒಂದರಲ್ಲಿ ವನಮಾಲಾಳ ಅರಳು ಸಂಡಿಗೆ, ಇನ್ನೊಂದರಲ್ಲಿ ವಿಜಯೇಂದ್ರನ ಟೀ ಕುಡಿದ ಕಾಗದಗಳು. ಕಾಗೆಗಳೂ ಅವನ ಚಾಪೆಗೆ ಕೊಕ್ಕು ಹಾಕುತ್ತಿರಲಿಲ್ಲ. 'ಇದಕ್ಕೂ ಒಂದು ಕಲೆ ಬೇಕು ಕಣೇ' ಅನ್ನುತ್ತಿದ್ದ. 'ಕಲೆ ಕಾಣುತ್ತಾ ಇದೆ, ಬೇಸಿನ್ನಿನ ತುಂಬ' ಅನ್ನುತ್ತಿದ್ದಳು ಅವಳು. ಟೂರಿಸ್ಟುಗಳು ತಾವಾಗಿ ಬಂದು ಟೋಪಿ ಹಾಕಿಸಿಕೊಂಡು ಹೋಗುವಾಗ ತಾನ್ಯಾಕೆ ಗಂಟಲು ಹರಿದುಕೊಳ್ಳಲಿ ಅಂತ ಸುಮ್ಮನಿದ್ದಳು.

ಅವಳ ಪಾಲಿಗೆ ಆ ಮನೆಯಲ್ಲಿ ನಿಜವಾದ ಒಂದೇ ಒಂದು ವಸ್ತು ದೇವರ ಮನೆಯ ಗೂಡಿನಲ್ಲಿ, ಹಿತ್ತಾಳೆ ಡಬ್ಬಿಯೊಳಗೆ ಇತ್ತು. ಅದೊಂದು ಖಾಲಿ ಲಕೋಟೆ. ಅವಳ ಅಜ್ಜಿಯ ಮದುವೆ ನಿಶ್ಚಯದ ಕಾಗದ ಅದರೊಳಗೆ ಬಂದಿತ್ತು. ಕಳಿಸಿದವರು ಕಲ್ಲಗ್ರಹಾರದಲ್ಲಿದ್ದ ಅಜ್ಜಿಯ ಅಪ್ಪ, ತಲುಪಿದ್ದು ನಾಗಮಂಗಲದ ಬೀಗರಿಗೆ. ಒಳಗಿನ ಕಾಗದ ಯಾವತ್ತೋ ಗೆದ್ದಲಿನ ಪಾಲಾಗಿತ್ತು. ಲಕೋಟೆಯ ಮೇಲೆ ಜಾರ್ಜ್ ದೊರೆಯ ತಲೆಯಿದ್ದ ಚೀಟಿ, ಅದರ ಮೇಲೆ ದುಂಡಗೆ ಕಲ್ಲಗ್ರಹಾರದ ಅಂಚೆ ಮುದ್ರೆ, ನಾಲ್ಕು ಮೂಲೆಗೆ ಅರಿಶಿನ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ನಿಂತಾಗ ಆ ಊರು ಮನೆ, ಬಾವಿ, ಅಶ್ವತ್ಥಕಟ್ಟೆ ಸಮೇತ ಒಳಗೆ ಹೋಯಿತು. ಆ ಊರಿನಲ್ಲಿ ನಡೆದ ಕೊನೆಯ ಮದುವೆ ಅಜ್ಜಿಯದೇ.

'ನನಗೆ ಗೌರಿ ಬಾಗಿನ ಕೊಡೋ ತವರು ನೀರಲ್ಲಿದೆ' ಅನ್ನುತ್ತಿದ್ದಳಂತೆ ಅಜ್ಜಿ. ಗೌರಿಹಬ್ಬದ ದಿನ ಆ ಲಕೋಟೆಯನ್ನು ಮಣೆಯ ಮೇಲಿಟ್ಟು, ನಾಲ್ಕು ಮೂಲೆಗೂ ಹೊಸ ಅರಿಶಿನ ಮುಟ್ಟಿಸಿ, ಅದರ ಮುಂದಿನಿಂದ ತನ್ನ ಬಾಗಿನವನ್ನು ತಾನೇ ಎತ್ತಿಕೊಳ್ಳುತ್ತಿದ್ದಳು. ಅಜ್ಜಿಯ ನಂತರ ಅಮ್ಮ, ಅಮ್ಮನ ನಂತರ ವನಮಾಲಾ. ಅಣ್ಣತಮ್ಮಂದಿರಿಲ್ಲದ ವನಮಾಲಾಳಿಗೂ ತವರು ಅಂತ ಉಳಿದದ್ದು ಅದೊಂದೇ. ವರ್ಷಕ್ಕೊಂದು ಸಲ ಅದರ ಮುಂದೆ ಕೂತಾಗ ಮಾತ್ರ ತಾನು ಯಾರಿಗೋ ಸೇರಿದವಳು ಅನ್ನಿಸಿ ಕಣ್ಣು ತುಂಬಿ ಬರುತ್ತಿತ್ತು.

ತೊಂಬತ್ತಾರನೇ ಇಸವಿಯಲ್ಲಿ ಪಾಂಡವಪುರದ ಚಿಕ್ಕಸ್ವಾಮಿಗೌಡರು ಅಪ್ಪನ ಅಸ್ಥಿ ಬಿಡಲು ಪಶ್ಚಿಮವಾಹಿನಿಗೆ ಬಂದರು. ಕಬ್ಬು ಬೆಳೆಯುವ ಕುಳ, ಮಾತು ಒರಟು, ಮನಸ್ಸು ಮೆತ್ತಗೆ. ಒದ್ದೆ ಪಂಚೆಯಲ್ಲೇ ವಿಜಯೇಂದ್ರನ ಮೇಜಿನ ಮುಂದೆ ನಿಂತರಂತೆ.

"ನಮ್ಮಪ್ಪ ಸಾಯೋಗಂಟ ಕಲ್ಲಗ್ರಾರ ಕಲ್ಲಗ್ರಾರ ಅಂತ್ಲೇ ಇದ್ದ ಸ್ವಾಮಿ. ನೀರು ಬಂದಾಗ ಇನ್ನೂ ಸಣ್ ಐದ. ಆ ಊರಿಂದು ಅಂತ ಒಂದ್ ಕಲ್ಲೂ ಇಲ್ಲ ನಮ್ತಾವ. ಆ ಊರ ಸೀಲು ಇರೋ ಕಾಗ್ದ ಏನಾರ ಸಿಕ್ತದಾ?"

ವಿಜಯೇಂದ್ರ ಅಂಗಡಿ ಬಾಚಿಕೊಂಡು ಮನೆಗೆ ಓಡಿಬಂದ.

"ನೋಡೇ, ಆ ಗೌಡನಿಗೆ ಊರಿನ ಹುಚ್ಚು ಹಿಡಿದಿದೆ. ಕೇಳಿದಷ್ಟು ಕೊಡ್ತಾನೆ. ನಿನ್ನ ಲಕೋಟೆ ತೆಗಿ."

"ಅದು ಮಾರೋ ವಸ್ತು ಅಲ್ಲ."

"ಒಳಗೆ ಏನೂ ಇಲ್ಲ, ಖಾಲಿ!"

"ನಿಮ್ಮ ತಲೆಯೂ ಖಾಲಿ. ಅದನ್ನೇ ಮಾರಿಕೊಳ್ಳಿ."

ಅವನು ವಾದ ಮಾಡಲಿಲ್ಲ. ವಾದ ಮಾಡುವುದಕ್ಕೂ ಬೆನ್ನುಮೂಳೆ ಬೇಕು. ಅವಳು ಸ್ಕೂಲಿಗೆ ಹೋದ ಮೇಲೆ ಡಬ್ಬಿ ತೆಗೆದು, ನೋಡಿಕೊಂಡು, ಮತ್ತೆ ಹಾಗೇ ಮುಚ್ಚಿಟ್ಟ. ಅದು ಅವಳಿಗೆ ತಿಳಿದದ್ದು ಬಚ್ಚಲಿನಲ್ಲಿ. ಅವನ ಹವಾಯಿ ಚಪ್ಪಲಿಯ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ತೂತು ಬಿದ್ದಿತ್ತು. ಆ ತೂತಿನ ರಬ್ಬರು ಕಿಟಕಿಯ ಮೇಲೆ ಮಸಿ ಬಳಿದುಕೊಂಡು ಕೂತಿತ್ತು. ಅವಳು ಕೈಗೆತ್ತಿಕೊಂಡು ನೋಡಿದಳು. ತಿರುಗುಮುರುಗಾಗಿ ಕೆತ್ತಿದ ಅಕ್ಷರ. ಕಲ್ಲಗ್ರಹಾರ.

"ಊರಿನ ಹೆಸರು ಕೆತ್ತೋದಕ್ಕೆ ಕಾಲಿನ ಚಪ್ಪಲಿಯೇ ಬೇಕಿತ್ತಾ ನಿಮಗೆ?"

"ಮರಕ್ಕಿಂತ ರಬ್ಬರು ಚೆನ್ನಾಗಿ ಮಸಿ ಹಿಡಿಯುತ್ತೆ ಕಣೇ. ನಿನಗೆ ಗೊತ್ತಾಗಲ್ಲ."

ಅವಳು ಅದನ್ನು ಹಂಡೆಯ ಒಲೆಗೆ ಎಸೆದಳು. ರಬ್ಬರಿನ ದುರ್ವಾಸನೆ ಇಡೀ ದಿನ ಮನೆ ತುಂಬ ಇತ್ತು. ಅವನು ಇನ್ನೊಂದು ಕಾಲಿನ ಚಪ್ಪಲಿ ಕತ್ತರಿಸಿದ. ಅವಳು ಡಬ್ಬಿ ತೆಗೆದು, ತನ್ನದು ತನ್ನ ಹತ್ತಿರ ಇರುವುದನ್ನು ಕಂಡು ಸಮಾಧಾನಪಟ್ಟಳು. ಇದು ಇಲ್ಲಿದ್ದರೆ ಸಾಕು, ಅವನ ನಾಯಿಬುದ್ಧಿ ಎಲ್ಲಿ ಬೇಕಾದರೂ ಬೀದಿ ಅಲೆಯಲಿ ಅಂದುಕೊಂಡಳು.

ಅವನಿಗೆ ಎದುರಾದ ಒಂದೇ ಕಷ್ಟ ಅಂದರೆ ಅರಿಶಿನ. ಮೂಲೆಗಳಿಗೆ ಅರಿಶಿನ ಹಚ್ಚಿ ಟೆರೇಸಿನ ಮೇಲೆ ಇಟ್ಟರೆ ಸಂಜೆಯ ಹೊತ್ತಿಗೆ ಬಣ್ಣ ಮಾಯ. ಸೀರೆಗೆ ಬಿದ್ದ ಅರಿಶಿನದ ಕಲೆ ಬಿಸಿಲಿಗೆ ಹಾರಿಹೋಗುತ್ತದೆ ಅಂತ ಯಾವ ಅಡುಗೆಮನೆಗಾದರೂ ಗೊತ್ತು. ಅಡುಗೆಮನೆಗೆ ಊಟದ ಹೊತ್ತಿಗೆ ಮಾತ್ರ ಕಾಲಿಡುವವನಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ವನಮಾಲಾ ಸ್ಕೂಲಿನ ಮಕ್ಕಳಿಗೆ ಅಂತ ತಂದಿಟ್ಟಿದ್ದ ಬಣ್ಣದ ಪೆಟ್ಟಿಗೆಯಿಂದ ಹಳದಿ ಬಿಲ್ಲೆ ಕದ್ದ. ಬಿಸಿಲಿಗೂ ಹೋಗದ ಅರಿಶಿನ ಕಂಡುಹಿಡಿದೆ ಅಂತ ಎರಡು ದಿನ ಮೀಸೆ ತಿರುವಿದ.

ಚಿಕ್ಕಸ್ವಾಮಿಗೌಡರು ಲಕೋಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಅಲ್ಲೇ ರಸ್ತೆಯ ಮೇಲೆ ಅತ್ತರಂತೆ. ಅದನ್ನು ವಿಜಯೇಂದ್ರ ಮನೆಗೆ ಬಂದು ನಗುತ್ತಾ ಹೇಳಿದ. "ಅಷ್ಟು ದೊಡ್ಡ ಗಂಡಸು, ಚಪ್ಪಲಿ ಸೀಲಿಗೆ ಅತ್ತುಬಿಟ್ಟ!" ವನಮಾಲಾ ಕೈಯಲ್ಲಿದ್ದ ಅನ್ನದ ಸೌಟನ್ನು ಪಾತ್ರೆಗೆ ಹಾಕಿ ಎದ್ದು ಹಿತ್ತಲಿಗೆ ಹೋದಳು. ಅವನ ತಟ್ಟೆಗೆ ಆ ದಿನ ಸಾರು ಬೀಳಲಿಲ್ಲ. ಅವನೇ ಬಡಿಸಿಕೊಂಡು ಉಂಡ.

ಒಬ್ಬ ಅತ್ತದ್ದು ಸಾಲದು ಅಂತ ವಿಜಯೇಂದ್ರ ಊರೂರು ಹೊರಟ. ನೀರಿಗೆ ಮುಂಚೆ ಎದ್ದು ಬಂದ ಕಲ್ಲಗ್ರಹಾರದ ಒಕ್ಕಲುಮನೆಗಳು ಎಲ್ಲೆಲ್ಲಿ ನೆಲೆನಿಂತಿವೆ ಅಂತ ಬಸ್ಸು ಹತ್ತಿ ವಿಚಾರಿಸಿದ. ಅಕ್ಕಿಹೆಬ್ಬಾಳಿನ ಚೌಡಯ್ಯನಿಗೆ ಒಂದು, ನಾಗಮಂಗಲದ ಕಡೆಯ ಕೆಂಪಣ್ಣನಿಗೆ ಒಂದು. ಎಲ್ಲರಿಗೂ ಅದೇ ಮಂತ್ರ: 'ಪ್ರಪಂಚದಲ್ಲೇ ಉಳಿದಿರೋದು ಇದೊಂದು. ಯಾರಿಗೂ ತೋರಿಸಬೇಡಿ.' ಮನೆಗೆ ಬಂದ ನೆಂಟರಿಗೆ ಹೊಸ ಹಸುವಿನ ಹಲ್ಲು ಬಿಡಿಸಿ ತೋರಿಸುವ ಜನಕ್ಕೆ ಈ ಮಾತು ಹೇಳುವುದು, ನಡುಮನೆಯಲ್ಲಿ ಮೊಳೆ ಹೊಡೆದು ನೇತುಹಾಕಿ ಅಂದ ಹಾಗೆ. ಊರು ಕಳೆದುಕೊಂಡು ಚೆದುರಿದವರು ಹೆಣ್ಣು ತರುವಾಗ, ಕೊಡುವಾಗ ಮೊದಲು ಹುಡುಕುವುದು ತಮ್ಮ ಊರಿನವರನ್ನೇ ಅನ್ನುವುದೂ ಈ ಬುದ್ಧಿವಂತನಿಗೆ ಹೊಳೆಯಲಿಲ್ಲ. ಗೌಡರೆಂದರೆ ಅವನ ಕಣ್ಣಿಗೆ ಬಿಡಿಬಿಡಿ ಗಿರಾಕಿಗಳು. ಬಾಡೂಟದ ಮನೆಯ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ಓಡುವವನಿಗೆ, ಅಲ್ಲಿ ಯಾರ ಎಲೆಯ ಪಕ್ಕ ಯಾರು ಕೂರುತ್ತಾರೆ ಅಂತ ತಿಳಿಯುವುದಾದರೂ ಹೇಗೆ.

ಮಾರನೇ ವರ್ಷ ಒಂದು ಭಾನುವಾರ ಬೆಳಿಗ್ಗೆ ವನಮಾಲಾ ಹಿತ್ತಲಿನಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದಾಗ, ಬೀದಿಬಾಗಿಲಿನಲ್ಲಿ ಗಂಟಲು ಕೇಳಿಸಿತು.

"ಅಯ್ನೋರೇ, ಇದ್ದೀರಾ?"

ಚಿಕ್ಕಸ್ವಾಮಿಗೌಡರು ಒಳಗೆ ಬಂದು, ಟವಲಿನಲ್ಲಿ ಸುತ್ತಿ ತಂದಿದ್ದ ಎರಡು ಫೋಟೋ ಕಟ್ಟುಗಳನ್ನು ಮೇಜಿನ ಮೇಲೆ ಇಟ್ಟರು. ಎರಡರಲ್ಲೂ ಅದೇ ಲಕೋಟೆ, ಅದೇ ಮುದ್ರೆ, ನಾಲ್ಕು ಮೂಲೆಗೆ ಅದೇ ಹಳದಿ.

"ಓದ ವಾರ ಅಕ್ಕಿಹೆಬ್ಬಾಳಲ್ಲಿ ನಮ್ ಮಗಳು ದಿವ್ಯನ ಬೀಗ್ರೂಟ. ಗಂಡಿನ ಮನೇಲಿ ಊಟಕ್ ಕೂತವ್ನಿ, ತಲೆ ಎತ್ತಿ ನೋಡ್ತೀನಿ, ನಮ್ ಬೀಗ ಚೌಡಯ್ಯನ ಗ್ವಾಡೆ ಮ್ಯಾಲೆ ನಮ್ಮನೆ ಪೋಟ! ಇದೇನ್ ಬೀಗ್ರೇ, ನಮ್ದು ಇಲ್ಲಿಗೆಂಗ್ ಬತ್ತು ಅಂದೆ. ನಿಮ್ದ್ಯಾವ್ದು, ಪರಪಂಚ್ದಾಗೆ ಇರಾದೇ ಇದೊಂದು ಅಂದ್ರು. ನಾನ್ ಅವರನ್ನ ಕಳ್ಳ ಅಂದೆ, ಅವ್ರು ನನ್ನ ಕಳ್ಳ ಅಂದ್ರು. ಎಲೆ ಬುಟ್ಟು ಎದ್ಬುಟ್ವಿ. ಐನೂರು ಜನದ್ ಮುಂದೆ ನನ್ ಮಗಳು ಕಣ್ಣೀರಾಕ್ತಾ ನಿಂತಿದ್ಲು. ಆಮ್ಯಾಕೆ ಕೆಂಪಣ್ಣ ಎದ್ದು, ನಮ್ಮನೇಲೂ ಒಂದದೆ ಅಂದ. ಆಗ ತಿಳೀತು ಕಳ್ಳ ಯಾರು ಅಂತ."

ವಿಜಯೇಂದ್ರ ಎಲೆಅಡಿಕೆ ನುಂಗಿಕೊಂಡ. "ನಿಮ್ಮದೇ ಅಸಲಿ ಗೌಡರೇ. ಮಿಕ್ಕದ್ದು ಯಾರೋ ಖದೀಮರು ನಕಲು ಮಾಡಿ..."

"ಚೌಡಯ್ಯಂಗೂ ಇದ್ನೇ ಏಳಿ ಮಾರಿದ್ದೀಯಲ್ಲಯ್ಯಾ!" ಬಹುವಚನ ಅಲ್ಲಿಗೆ ಮುಗಿಯಿತು. "ನಂಗೆ ದುಡ್ಡು ಬ್ಯಾಡ. ಈಗ್ಲೇ ನನ್ ಜತೆ ಅಕ್ಕಿಹೆಬ್ಬಾಳಿಗೆ ಬಾ. ನಾನೇ ಮಾಡ್ದೆ ಈ ಅಲ್ಕಾ ಕೆಲ್ಸವ, ಬೀಗ್ರು ಇಬ್ರೂ ಮರ್ಯಾದಸ್ತರು ಅಂತ ಅವರೆಲ್ಲರ ಮುಂದೆ ಏಳು. ಸಾಕು, ಬುಟ್ಬುಡ್ತೀನಿ."

ಎಷ್ಟು ಸುಲಭದ ಶಿಕ್ಷೆ! ಹಿತ್ತಲಿನಿಂದಲೇ ಕೇಳಿಸಿಕೊಂಡ ವನಮಾಲಾಳಿಗೆ ಆ ಮನುಷ್ಯನ ದೊಡ್ಡತನಕ್ಕೆ ನಾಚಿಕೆಯಾಯಿತು. ಹೋಗಿ ಒಪ್ಪಿಕೊಂಡು ಬಂದರೆ ಇವನಿಗೂ ಒಂದು ತುತ್ತು ಮಾನ ಹುಟ್ಟುತ್ತದೇನೋ ಅನ್ನಿಸಿತು. ಆದರೆ ಮಾನದ ರುಚಿಯೇ ಗೊತ್ತಿಲ್ಲದವನಿಗೆ ಅದರ ಹಸಿವು ಎಲ್ಲಿಂದ ಬರಬೇಕು?

"ಅಷ್ಟು ದೂರ ಯಾಕೆ ಗೌಡರೇ? ನಿಜವಾದದ್ದು ಇನ್ನೂ ಮನೆಯಲ್ಲೇ ಇದೆ. ನಿಮಗೆ ಸುಮ್ಮನೇ ಕೊಟ್ಟುಬಿಡ್ತೀನಿ, ಇಲ್ಲೇ ಮುಗಿಸಿಬಿಡೋಣ" ಅಂದದ್ದು ಕೇಳಿಸಿತು. ಅದರ ಬೆನ್ನಿಗೇ ದೇವರ ಮನೆಯಲ್ಲಿ ಹಿತ್ತಾಳೆ ಮುಚ್ಚಳದ ಸದ್ದು.

ಅವಳು ಅವರೆಕಾಳಿನ ಮೊರ ತಳ್ಳಿ, ಕೈ ಒರೆಸಿಕೊಳ್ಳದೆ ಓಡಿಬಂದಳು. ಆ ಹೊತ್ತಿಗೆ ಲಕೋಟೆ ಗೌಡರ ಕೈ ಸೇರಿತ್ತು.

"ಕೊಡಿ ಅದನ್ನ. ಅದು ನಂದು. ಅದೊಂದೇ ನಿಜವಾದದ್ದು, ನಮ್ಮಜ್ಜಿಯ ತವರಿನದು. ದಯವಿಟ್ಟು ಕೊಡಿ."

ಪಟ್ಟಣದಲ್ಲಿ ಟೀಚರಮ್ಮನ ಮಾತಿಗೆ ಎರಡನೇ ಮಾತಿರಲಿಲ್ಲ. ರೇಷನ್ ಅಂಗಡಿಯವನೂ ಅವಳು ಹೇಳಿದ ತೂಕ ನಂಬುತ್ತಿದ್ದ. ಚಿಕ್ಕಸ್ವಾಮಿಗೌಡರು ಅವಳ ಮುಖ ನೋಡಿದರು, ಗಂಡನ ಮುಖ ನೋಡಿದರು, ಮೇಜಿನ ಮೇಲಿದ್ದ ಎರಡನ್ನು ನೋಡಿದರು, ಕೈಯಲ್ಲಿದ್ದದ್ದನ್ನು ನೋಡಿದರು. ಎಲ್ಲ ಒಂದೇ.

"ಓಹೋ, ಗಂಡ ಎಂಡ್ರು ಇಬ್ರೂ ಸೇರ್ಕಂಡೇ ನಾಟ್ಕ ಕಟ್ಟೀರಾ? ಇವ್ನು ಕೊಟ್ಟಂಗ್ ಮಾಡಾದು, ನೀನು ಅತ್ತಂಗ್ ಮಾಡಾದು? ನಮ್ಮೂರು ಏನು ನಿಮ್ಮನೆ ಬಚ್ಚಲಾ?"

ಅಂದವರೇ ಲಕೋಟೆಯನ್ನು ನಡುವಿಗೆ ಸರಕ್ಕನೆ ಹರಿದು ನೆಲಕ್ಕೆ ಎಸೆದರು.

ವನಮಾಲಾಳ ಮಾತು ಮೊದಲ ಸಲ ಸುಳ್ಳಾಗಿತ್ತು, ಅದೂ ಇವನ ಹೆಂಡತಿ ಅನ್ನುವ ಒಂದೇ ಕಾರಣಕ್ಕೆ. ಕಿಟಕಿಯ ಮೇಲಿದ್ದ ಗಂಡನ ಸುಣ್ಣದ ಡಬ್ಬಿ ಎತ್ತಿಕೊಂಡಳು. ಫೋಟೋ ಕಟ್ಟುಗಳ ಹಿಂದಿನ ರಟ್ಟು ಕಿತ್ತು ಲಕೋಟೆಗಳನ್ನು ಈಚೆ ಎಳೆದಳು.

"ನೋಡಿ ಗೌಡರೇ. ನಿಮ್ಮನೆ ಹೆಂಗಸರು ಕೆಂಪಾರತಿಗೆ ನೀರು ಕಲಸೋದನ್ನ ನೋಡಿದ್ದೀರಲ್ಲ? ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತೆ?"

ಒದ್ದೆ ಬೆರಳಿನಲ್ಲಿ ಸುಣ್ಣ ತೆಗೆದು ಒಂದರ ಮೂಲೆಗೆ ಹಚ್ಚಿದಳು. ಹಳದಿ ಹಳದಿಯಾಗಿಯೇ ಕಲಸಿಕೊಂಡು ಬೆರಳಿಗೆ ಮೆತ್ತಿತು. ಎರಡನೆಯದಕ್ಕೂ ಹಚ್ಚಿದಳು, ಅದೂ ಹಾಗೆಯೇ. ಆಮೇಲೆ ನೆಲದ ಮೇಲೆ ಬಿದ್ದಿದ್ದ ಹರಿದ ತುಂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಮೂಲೆಗೆ ಸುಣ್ಣದ ಬೆರಳು ಒತ್ತಿದಳು. ಮೂರು ತಲೆಮಾರಿನ ಹೆಂಗಸರು ಹಚ್ಚಿದ ಅರಿಶಿನ ನೋಡನೋಡುತ್ತಾ ಕೆಂಪಗಾಯಿತು.

ಚಿಕ್ಕಸ್ವಾಮಿಗೌಡರು ಆ ತುಂಡಿನ ಮುಂದೆ ನೆಲಕ್ಕೆ ಕೂತರು.

"ತಾಯೀ... ನಮ್ಮೂರ್ನ ನನ್ ಕೈಯಾರೆ ಅರ್ದಾಕ್ಬುಟ್ನಲ್ಲವ್ವಾ. ನಮ್ಮಪ್ಪ ಇದ್ದಿದ್ರೆ ನನ್ ಕೈ ಕಡೀತಿದ್ದ." ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಈ ಸಲ ಅತ್ತದ್ದು ನಿಜವಾದದ್ದಕ್ಕೆ.

ವನಮಾಲಾಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಕೋಣೆಯಲ್ಲಿ ಆ ಊರಿಗೆ ಸೇರಿದವರು ತಾವಿಬ್ಬರೇ ಅನ್ನಿಸಿತು. ಎರಡು ತುಂಡಿನಲ್ಲಿ ಮುದ್ರೆ ಇದ್ದ ತುಂಡನ್ನು ಅವರ ಕೈಗೆ ಕೊಟ್ಟು, ಕೆಂಪಾದ ಮೂಲೆಯ ತುಂಡನ್ನು ತಾನು ಇಟ್ಟುಕೊಂಡಳು. "ನಿಮ್ಮ ತಂದೆಯವರ ಫೋಟೋ ಪಕ್ಕ ಇಡಿ" ಅಂದಳು.

ಆಗ ವಿಜಯೇಂದ್ರ ಬಾಯಿ ಬಿಟ್ಟ. ಅಷ್ಟು ಹೊತ್ತು ಅವನು ಕೆಂಪಾದ ಮೂಲೆಯನ್ನೇ ದಿಟ್ಟಿಸುತ್ತಾ ನಿಂತಿದ್ದ. ಪಶ್ಚಾತ್ತಾಪ ಪಡುತ್ತಿದ್ದಾನೆ ಅಂತ ಗೊತ್ತಿಲ್ಲದವರು ಅಂದುಕೊಳ್ಳಬೇಕು.

"ಒಂದು ಖಾಲಿ ಲಕೋಟೆಗೆ ಇಷ್ಟೊಂದು ಗೋಳಾಟ ಯಾಕೆ ಅಂತೀನಿ? ಬಿಡೇ, ಇನ್ನೊಂದು ಮಾಡ್ಕೊಡ್ತೀನಿ. ಗೌಡರಿಗೂ ಒಂದು ಮಾಡ್ಕೊಡ್ತೀನಿ." ಸ್ವಲ್ಪ ಯೋಚಿಸಿ, ಮುಖ ಅರಳಿಸಿಕೊಂಡು ಸೇರಿಸಿದ: "ಈ ಸಲ ನಿಜವಾದ ಅರಿಶಿನಾನೇ ಹಾಕ್ತೀನಿ. ನೆರಳಲ್ಲಿ ಒಣಗಿಸಿದರೆ ಆಯ್ತು."

ಗೌಡರು ಎದ್ದರು. ಹೊಡೆಯುತ್ತಾರೆ ಅಂತ ವಿಜಯೇಂದ್ರ ಎರಡು ಹೆಜ್ಜೆ ಹಿಂದೆ ಸರಿದ. ಅವರು ಅವನ ಕಡೆ ನೋಡಲೂ ಇಲ್ಲ. ವನಮಾಲಾಳಿಗೆ ಕೈ ಮುಗಿದು, ತುಂಡನ್ನು ಟವಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಹೊರಟುಹೋದರು. ಮೇಜಿನ ಮೇಲಿದ್ದ ಎರಡು ನಕಲುಗಳನ್ನು ಅಲ್ಲೇ ಬಿಟ್ಟರು. ಅವರ ಜೀಪಿನ ಸದ್ದು ಅಡಗಿದ ಮೇಲೆ ವಿಜಯೇಂದ್ರ ಅವನ್ನು ಎತ್ತಿಕೊಂಡು, ಸುಣ್ಣ ಒರೆಸಿದರೆ ಮತ್ತೆ ಕೆಲಸಕ್ಕೆ ಬರುತ್ತದಾ ಅಂತ ಬೆಳಕಿಗೆ ಹಿಡಿದು ನೋಡಿದ.

ವನಮಾಲಾ ತನ್ನ ತುಂಡನ್ನು ಡಬ್ಬಿಗೆ ಹಾಕಿ ಹಿತ್ತಲಿಗೆ ಹೋದಳು. ಬಾವಿಯ ರಾಟೆ ಕಿರುಗುಟ್ಟಿತು. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಹುಯ್ದುಕೊಂಡಳು. ಕಾಫಿಗೆ ಅಂತ ಹಿತ್ತಲಿಗೆ ಬಂದ ವಿಜಯೇಂದ್ರ ಬಾಗಿಲಲ್ಲೇ ನಿಂತ.

"ಇದೇನೇ ಈ ಹೊತ್ತಿನಲ್ಲಿ ತಲೆಗೆ ನೀರು? ಯಾರು ಹೋದರು?"

"ನನ್ನ ತವರು. ಮೂರು ದಿನ ಸೂತಕ. ಒಲೆ ಹಚ್ಚೋಲ್ಲ."

"ಮೂರೇ ದಿನ ತಾನೆ" ಅಂದ ಅವನು, ಸಮಾಧಾನದ ಉಸಿರು ಬಿಟ್ಟು. "ಹೋಟೆಲಿನಲ್ಲಿ ನೋಡ್ಕೊಳ್ತೀನಿ. ನಾನೆಲ್ಲೋ ಮಾತು ಬಿಟ್ಟುಬಿಡ್ತೀಯ ಅಂದುಕೊಂಡಿದ್ದೆ."

ಅವಳು ಒದ್ದೆ ಕೂದಲು ಹಿಂದಕ್ಕೆ ತಳ್ಳಿ ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ, ದನಿಯೂ ಏರಲಿಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದಳು:

"ತಲೆಗೆ ನೀರು ಹುಯ್ದುಕೊಳ್ಳೋದು ನಮ್ಮವರು ಹೋದಾಗ. ನೀವು ಹೋದ ಸುದ್ದಿ ಬಂದ ದಿನ ನಾನು ಒಂದು ಚೊಂಬು ನೀರನ್ನೂ ಮುಟ್ಟೋಲ್ಲ."